ಬಿಡುವಿನ ದಿನ ಕೈ ಸುಮ್ಮನಿರಬೇಕೆ?

ವಾರವಿಡೀ ದುಡಿದವರು ಭಾನುವಾರ ಬೆಳಿಗ್ಗೆ ಕುಂಚ ಹಿಡಿದರೆ, ವೀಣೆಯ ಶ್ರುತಿ ಕೂಡಿಸಿದರೆ, ಅರ್ಧಕ್ಕೆ ನಿಂತ ಕತೆಯನ್ನು ಮುಂದುವರಿಸಿದರೆ ಅದು ಕೆಲಸವೋ ವಿಶ್ರಾಂತಿಯೋ? ಮೇಲ್ನೋಟಕ್ಕೆ ಇದು ಬರಿಯ ಮಾತಿನ ಜಗಳ. ಆದರೂ ಉತ್ತರ ಯಾವುದೇ ಆದರೂ ತೊಡಕು ತಪ್ಪುವುದಿಲ್ಲ. ಅದು ಕೆಲಸವಾದರೆ ರಜೆಯ ದಿನಕ್ಕೆ ಅದನ್ನು ಹೊತ್ತು ತರುವುದೇ ತಪ್ಪಾಗುತ್ತದೆ. ವಿಶ್ರಾಂತಿಯಾದರೆ, ದಣಿದವರು ಕಾಲು ಚಾಚಿ ಮಲಗುವುದನ್ನು ಬಿಟ್ಟು ಇದಕ್ಕೇಕೆ ಕೂರಬೇಕು ಎಂದು ಕೇಳಬೇಕಾಗುತ್ತದೆ. ‘ಹೊತ್ತೇ ಸಿಗುವುದಿಲ್ಲ’ ಎಂಬ ಗೋಳನ್ನು ಸಾಮಾನ್ಯವಾಗಿ ಗಡಿಯಾರದ ಲೆಕ್ಕವೆಂದು ತಿಳಿದು, ಬೆಳಗಿನ ಐದು ಗಂಟೆಗೆ ಏಳುವ ಸಲಹೆ ಕೊಟ್ಟು ಮುಗಿಸಲಾಗುತ್ತದೆ. ಧರ್ಮಗಳೂ ದರ್ಶನಗಳೂ ಇದನ್ನು ಬೇರೆ ಕಡೆಯಿಂದ ನೋಡಿವೆ. ಬಿಡುವು ಎಂಬ ಪದದೊಳಗೆ ‘ಬಿಡು’ ಎಂಬ ಕ್ರಿಯೆ ಇದೆ. ಹಾಗಾದರೆ ಆ ದಿನ ಬಿಡಬೇಕಾದದ್ದು ಏನನ್ನು?

ಈಗಿನ ವಾರದ ರಜೆ ಭಾರತಕ್ಕೆ ಸುತ್ತು ದಾರಿಯಲ್ಲಿ ಬಂತು. ಯಹೂದಿಗಳಿಗೆ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಸಬ್ಬತ್. ಕ್ರೈಸ್ತರಿಗೆ ಯೇಸು ಮರಳಿ ಎದ್ದ ಭಾನುವಾರ. ಕ್ರಿ.ಶ. 321ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್, ಭಾನುವಾರ ನ್ಯಾಯಾಲಯಗಳೂ ಪಟ್ಟಣದ ಕಸುಬುಗಳೂ ನಿಲ್ಲಬೇಕೆಂದು ಆಜ್ಞೆ ಹೊರಡಿಸಿದ. ಹದ ತಪ್ಪೀತೆಂದು ರೈತರಿಗೆ ಮಾತ್ರ ಹೊಲದ ಕೆಲಸಕ್ಕೆ ಅನುಮತಿ ಕೊಟ್ಟ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರ ಸಿಕ್ಕಿದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ. 1948ರ ಕಾರ್ಖಾನೆಗಳ ಕಾಯಿದೆ ವಾರಕ್ಕೆ 48 ಗಂಟೆಗಳ ಮಿತಿಯನ್ನೂ ಒಂದು ದಿನದ ರಜೆಯನ್ನೂ ವಿಧಿಸಿತು. ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳ ರಜೆ ಬಂದದ್ದು 2015ರ ಸೆಪ್ಟೆಂಬರಿನಲ್ಲಿ. ಹೀಗೆ ಕಾನೂನಿನ ಮೂಲಕ ಬಂದ ರಜೆ ದುಡಿಮೆ ನಿಲ್ಲುವ ಗಳಿಗೆಯನ್ನು ಹೇಳಿತು. ನಿಂತ ಮೇಲೆ ಏನು ಎಂಬುದು ಕಾನೂನಿಗೆ ಸಂಬಂಧಿಸಿದ್ದಲ್ಲ.

ಇದಕ್ಕೂ ಮೊದಲು ಇಲ್ಲಿ ಕೈ ನಿಲ್ಲಿಸುವ ದಿನಗಳು ಇರಲಿಲ್ಲವೆಂದಲ್ಲ. ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ವೇದಪಾಠಕ್ಕೆ ಪಾಡ್ಯ, ಅಷ್ಟಮಿ, ಚತುರ್ದಶಿ, ಅಮಾವಾಸ್ಯೆ, ಹುಣ್ಣಿಮೆಗಳು ಅನಧ್ಯಾಯದ ದಿನಗಳು. ಧರ್ಮಶಾಸ್ತ್ರಗಳು ಈ ಪಟ್ಟಿಯನ್ನು ಇನ್ನೂ ಬೆಳೆಸಿ, ಗುಡುಗಿದರೆ, ನರಿ ಊಳಿಟ್ಟರೆ ಕೂಡ ಪಾಠ ನಿಲ್ಲಿಸಬೇಕೆಂದವು. ವಿದ್ಯಾರ್ಥಿಗಳು ನರಿಯ ಕೂಗಿಗೆ ಎಷ್ಟು ಆಸೆಯಿಂದ ಕಿವಿಗೊಟ್ಟಿರಬಹುದೆಂದು ಊಹಿಸುವುದು ಕಷ್ಟವಲ್ಲ. ಬೈಬಲಿನ ಸಬ್ಬತ್ ವಿಧಿಯಲ್ಲೂ ಆಳು, ಪರದೇಶಿಗಳ ಜೊತೆಗೆ ಎತ್ತು ಮತ್ತು ಕತ್ತೆಯ ಹೆಸರಿದೆ. ಒಂದಕ್ಕೊಂದು ಗೊತ್ತಿಲ್ಲದ ಎರಡು ಲೋಕಗಳು ರಜೆಯನ್ನು ಎತ್ತಿಗೂ ಕೊಟ್ಟವು. ಬಿಡುವು ಇಲ್ಲಿ ಸ್ವಂತದ ಬಯಕೆಯನ್ನು ಪೂರೈಸಿಕೊಳ್ಳುವ ಅವಕಾಶವಾಗಿ ಹುಟ್ಟಿಲ್ಲ. ತನ್ನ ಕೈಕೆಳಗಿನ ಜೀವದ ಮೇಲಿನ ಹಿಡಿತವನ್ನು ಸಡಿಲಿಸುವ ಕಟ್ಟಳೆಯಾಗಿ ಹುಟ್ಟಿದೆ.

ಸೃಜನಶೀಲ ಹವ್ಯಾಸದ ಮಟ್ಟಿಗೆ ಎಲ್ಲಕ್ಕಿಂತ ಕಠಿಣವಾದ ಮಾತು ಯಹೂದಿ ಸಂಪ್ರದಾಯದ್ದು. ಸುಮಾರು ಕ್ರಿ.ಶ. 200ರಲ್ಲಿ ಒಟ್ಟುಗೂಡಿದ ಮಿಶ್ನಾ ಗ್ರಂಥ, ಸಬ್ಬತ್ತಿನಂದು ಮಾಡಬಾರದ 39 ಬಗೆಯ ಕೆಲಸಗಳನ್ನು ಎಣಿಸುತ್ತದೆ. ಉಳುವುದು, ಬಿತ್ತುವುದು, ನಾದುವುದು, ಬೇಯಿಸುವುದು ಅದರಲ್ಲಿವೆ. ಆದರೆ ಬೆರಗು ಹುಟ್ಟಿಸುವುದು ಉಳಿದವು: ನೂಲುವುದು, ಬಣ್ಣ ಹಾಕುವುದು, ಎರಡು ಎಳೆ ನೇಯುವುದು, ಎರಡು ಹೊಲಿಗೆ ಹಾಕುವುದು, ಗಂಟು ಕಟ್ಟುವುದು, ಎರಡು ಅಕ್ಷರ ಬರೆಯುವುದು. ಇಂದು ವಾರಾಂತ್ಯಕ್ಕೆಂದು ಜನ ಕಾದಿಟ್ಟುಕೊಳ್ಳುವ ಹವ್ಯಾಸಗಳಲ್ಲಿ ಅರ್ಧಕ್ಕರ್ಧ ಈ ಪಟ್ಟಿಯಲ್ಲೇ ಸಿಕ್ಕುತ್ತವೆ. ಬೆವರಿಗೂ ಈ ನಿಷೇಧಕ್ಕೂ ಸಂಬಂಧವಿಲ್ಲ. ಮನೆಯೊಳಗೆ ಭಾರವಾದ ಮೇಜನ್ನು ಈ ಗೋಡೆಯಿಂದ ಆ ಗೋಡೆಗೆ ಸರಿಸಿದರೆ ಮೂಲ ವಿಧಿ ಮುರಿಯುವುದಿಲ್ಲ. ಆಯಾಸವೇ ಇಲ್ಲದೆ ಎರಡು ಅಕ್ಷರ ಗೀಚಿದರೆ ಮುರಿಯುತ್ತದೆ. ಮನಸ್ಸಿನಲ್ಲಿ ಒಂದು ರೂಪವನ್ನು ಕಂಡು, ಅದನ್ನು ಹೊರಗಿನ ವಸ್ತುವಿನ ಮೇಲೆ ಮೂಡಿಸುವ ಉದ್ದೇಶಪೂರ್ವಕ ಕೆಲಸಕ್ಕೆ ಈ ತಡೆ.

ಕಾರಣವನ್ನು ರಬ್ಬಿಗಳು ಮರುಭೂಮಿಯ ದೇವಗುಡಾರದ ಕತೆಯಲ್ಲಿ ಕಂಡರು. ದೇವರಿಗಾಗಿ ಗುಡಾರ ಕಟ್ಟಲು ಬೇಕಾದ ಕೆಲಸಗಳೇ ಈ 39; ಅಂಥ ಪವಿತ್ರ ನಿರ್ಮಾಣ ಕೂಡ ಏಳನೆಯ ದಿನ ನಿಲ್ಲಬೇಕು, ಏಕೆಂದರೆ ಲೋಕವನ್ನು ಸೃಷ್ಟಿಸಿದವನೇ ಆ ದಿನ ನಿಲ್ಲಿಸಿದ. ಇದನ್ನು ಸೃಷ್ಟಿಶೀಲತೆಯ ಮೇಲಿನ ತಿರಸ್ಕಾರವೆಂದು ಓದಿದರೆ ತಪ್ಪಾಗುತ್ತದೆ. ನಿಲ್ಲಿಸುವುದಕ್ಕೆ ಯೋಗ್ಯವಾದ ದೊಡ್ಡ ಕೆಲಸ ಎಂದು ಒಪ್ಪಿಕೊಂಡೇ ಅದನ್ನು ನಿಲ್ಲಿಸಲಾಗಿದೆ. ಯಹೂದಿ ಚಿಂತಕ ಅಬ್ರಹಾಂ ಯೋಶುವಾ ಹೆಶೆಲ್ 1951ರಲ್ಲಿ ಪ್ರಕಟಿಸಿದ ಸಬ್ಬತ್ ಕುರಿತ ಪುಸ್ತಕದಲ್ಲಿ ಇದನ್ನೇ ವಿಸ್ತರಿಸಿದರು: ಆರು ದಿನ ಮನುಷ್ಯ ಸ್ಥಳವನ್ನು, ವಸ್ತುಗಳನ್ನು ಗೆಲ್ಲುತ್ತಾನೆ, ಏಳನೆಯ ದಿನ ಅವನು ಕಾಲದಲ್ಲಿ ಸುಮ್ಮನೆ ಇರುವುದನ್ನು ಕಲಿಯಬೇಕು. ಹಾಗೆಂದು ಆ ದಿನ ಬರಿದಾಗಿರುವುದಿಲ್ಲ. ಹಾಡು ಇದೆ, ಓದು ಇದೆ, ಊಟದ ಸುತ್ತ ಮಾತು ಇದೆ. ವಾದ್ಯ ಮಾತ್ರ ಇಲ್ಲ; ತಂತಿ ಹರಿದರೆ ಕೈ ತಾನಾಗಿ ರಿಪೇರಿಗೆ ಹೊರಟೀತೆಂಬ ಮುಂಜಾಗ್ರತೆ. ಕಂಠಕ್ಕೆ ಅಪ್ಪಣೆ, ತಂತಿಗೆ ಇಲ್ಲ ಎಂಬ ಈ ಭೇದದಲ್ಲಿ ಮನಶ್ಶಾಸ್ತ್ರದ ಒಂದು ಸೂಕ್ಷ್ಮವಿದೆ. ಸಾಧನ ಕೈಗೆ ಬಂದೊಡನೆ ಮನುಷ್ಯ ಅದನ್ನು ಸರಿಮಾಡತೊಡಗುತ್ತಾನೆ, ಸರಿಮಾಡುತ್ತ ಮತ್ತೆ ಕೆಲಸಗಾರನಾಗುತ್ತಾನೆ.

ಕನ್ನಡ ನಾಡಿಗೆ ಈ ತರ್ಕ ಹೊರಗಿನದಲ್ಲ. ಆಯುಧಪೂಜೆಯಂದು ಗರಗಸ, ಉಳಿ, ಹೊಲಿಗೆ ಯಂತ್ರ, ಟ್ರ್ಯಾಕ್ಟರುಗಳಿಗೆ ಕುಂಕುಮ ಹೂವು ಏರುತ್ತವೆ, ಬಳಕೆ ನಿಲ್ಲುತ್ತದೆ. ನವರಾತ್ರಿಯ ಸರಸ್ವತಿ ಪೂಜೆಗೆ ಪುಸ್ತಕ, ವಾದ್ಯಗಳನ್ನು ಮಂಟಪದಲ್ಲಿಟ್ಟ ಮೇಲೆ ವಿಜಯದಶಮಿಯವರೆಗೆ ಓದುವಂತಿಲ್ಲ, ನುಡಿಸುವಂತಿಲ್ಲ. ವಿದ್ಯೆಯ ದೇವತೆಯನ್ನು ಪೂಜಿಸುವ ದಿನಗಳಲ್ಲೇ ವಿದ್ಯೆಗೆ ರಜೆ. ವರ್ಷವಿಡೀ ಉಪಯೋಗಕ್ಕೆ ಬಂದ ವಸ್ತು ಒಂದೆರಡು ದಿನ ಬರಿಯ ನೋಟಕ್ಕೆ ಉಳಿಯುತ್ತದೆ. ವಾದ್ಯವನ್ನು ದಶಮಿಯಂದು ಮತ್ತೆ ಕೈಗೆತ್ತಿಕೊಂಡಾಗ ಅದು ತುಸು ಹೊಸದೆನಿಸುವುದು ನುಡಿಸುವವರಿಗೆಲ್ಲ ಗೊತ್ತು.

ಇದಕ್ಕೆ ಎದುರು ಧ್ರುವದಲ್ಲಿರುವುದು ವೇದಾಂತದ ಲೀಲೆಯ ವಿಚಾರ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಒಂದು ಆಕ್ಷೇಪ ಬರುತ್ತದೆ. ಪ್ರಯೋಜನವಿಲ್ಲದೆ ಯಾರೂ ಏನನ್ನೂ ಮಾಡುವುದಿಲ್ಲ. ಬ್ರಹ್ಮನಿಗೋ ಪಡೆಯಬೇಕಾದದ್ದು ಏನೂ ಇಲ್ಲ. ಹಾಗಾದರೆ ಜಗತ್ತನ್ನು ಸೃಷ್ಟಿಸಿದ್ದೇಕೆ? ಸೂತ್ರಕಾರರ ಉತ್ತರ: ಲೋಕದಲ್ಲಿ ಕಾಣುವಂತೆ ಅದು ಬರಿಯ ಲೀಲೆ. ಲೋಕದಲ್ಲಿ ಕಾಣುವುದು ಎಂದರೆ ಏನೆಂದು ಹೇಳಲು ಮೂವರು ಆಚಾರ್ಯರು ಮೂರು ಉದಾಹರಣೆ ಆರಿಸಿಕೊಂಡರು. ಶಂಕರರು ಬಯಕೆಗಳೆಲ್ಲ ತೀರಿದ ರಾಜನ ವಿಹಾರವನ್ನು ತೋರಿಸಿ, ಉಸಿರಾಟವನ್ನೂ ಜೊತೆಗಿಟ್ಟರು. ಅದು ಯಾವ ಗುರಿಯೂ ಇಲ್ಲದೆ ಸ್ವಭಾವದಿಂದ ನಡೆಯುತ್ತದೆ. ರಾಮಾನುಜರು ಚೆಂಡಾಡುವ ಮಹಾರಾಜನನ್ನು ತಂದರು. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವರ ಉದಾಹರಣೆಯಲ್ಲಿ ರಾಜನಿಲ್ಲ. ಸುಖ ಉಕ್ಕಿ ಬಂದಾಗ ಮತ್ತನಾದವನು ಕುಣಿಯುತ್ತಾನೆ, ಹಾಡುತ್ತಾನೆ; ಅದರಿಂದ ಏನೋ ಸಿಗಲಿ ಎಂದಲ್ಲ. ಮೂರರಲ್ಲಿ ಕಲೆಗೆ ತೀರ ಹತ್ತಿರವಾದದ್ದು ಇದು. ಚೆಂಡಾಟಕ್ಕೆ ಬಯಲು ಬೇಕು, ರಾಜನಿಗೆ ಪುರುಸೊತ್ತು ಬೇಕು. ಉಕ್ಕುವ ಕುಣಿತಕ್ಕೆ ಉಕ್ಕುವಿಕೆಯೊಂದೇ ಸಾಕು.

ಹವ್ಯಾಸವನ್ನು ಲೀಲೆಯೆಂದು ಕರೆಯುವ ಆಸೆ ಇಲ್ಲಿ ಹುಟ್ಟುತ್ತದೆ, ಮತ್ತು ಅನೇಕರು ಅದಕ್ಕೆ ಬಲಿಯಾಗಿದ್ದಾರೆ. ಲೀಲೆಗೆ ಆಧಾರ ಪೂರ್ಣತೆ. ಐದು ದಿನ ಟ್ರಾಫಿಕ್ಕಿನಲ್ಲಿ, ಮೀಟಿಂಗುಗಳಲ್ಲಿ ಸೋರಿಹೋದವರು ಶನಿವಾರ ಬೆಳಿಗ್ಗೆ ಪೂರ್ಣರಾಗಿ ಎದ್ದಿರುವುದಿಲ್ಲ. ಉಕ್ಕುವುದಕ್ಕೆ ಪಾತ್ರೆಯಲ್ಲಿ ಏನಾದರೂ ಇರಬೇಕು. ಗೀತೆಯ ನಿಷ್ಕಾಮ ಕರ್ಮವನ್ನು ಹವ್ಯಾಸಕ್ಕೆ ಅನ್ವಯಿಸುವುದರಲ್ಲೂ ಇಂಥದೇ ಅವಸರವಿದೆ. ಫಲದ ಆಸೆ ಬಿಡು ಎಂಬ ಉಪದೇಶ ಹುಟ್ಟಿದ್ದು ಬಿಟ್ಟು ಹೋಗಲಾಗದ ಕರ್ತವ್ಯದ ನಡುವೆ. ಅರ್ಜುನ ಗಾಂಡೀವವನ್ನು ಕೆಳಗಿಡುವಂತಿರಲಿಲ್ಲ. ವೀಣೆಯನ್ನು ಯಾರು ಬೇಕಾದರೂ ಕೆಳಗಿಡಬಹುದು. ಬಿಡಬಹುದಾದದ್ದನ್ನು ಬಿಡದೆ ಮಾಡುವುದೇ ಹವ್ಯಾಸದ ವಿಶೇಷ, ಮತ್ತು ಅದಕ್ಕೆ ಕರ್ತವ್ಯದ ಭಾಷೆ ಸರಿಹೊಂದುವುದಿಲ್ಲ.

ಅರಿಸ್ಟಾಟಲ್ ಈ ನಡುವಿನ ಜಾಗವನ್ನು ಹೆಚ್ಚು ಸ್ಪಷ್ಟವಾಗಿ ಗುರುತಿಸಿದ. ಗ್ರೀಕಿನಲ್ಲಿ ಬಿಡುವಿಗೆ ‘ಸ್ಖೊಲೆ’, ಗಡಿಬಿಡಿಗೆ ‘ಅಸ್ಖೊಲಿಯ’. ಬಿಡುವೇ ಮೂಲ ಸ್ಥಿತಿ, ದುಡಿಮೆ ಅದರ ಅಭಾವ. ಕನ್ನಡವೂ ಹಾಗೆಯೇ ನಡೆದುಕೊಳ್ಳುತ್ತದೆ: ಕೆಲಸದಲ್ಲಿ ಮುಳುಗಿದವರು ‘ಬಿಡುವಿಲ್ಲ’ ಎನ್ನುತ್ತಾರೆ. ಅರಿಸ್ಟಾಟಲ್ ಇನ್ನೊಂದು ಗೆರೆ ಎಳೆದ. ಆಟ, ವಿನೋದಗಳು ದಣಿವಿಗೆ ಔಷಧ. ಔಷಧ ಕುಡಿಯುವುದು ಮತ್ತೆ ಕೆಲಸಕ್ಕೆ ಹೋಗುವುದಕ್ಕಾಗಿ, ಆದ್ದರಿಂದ ಅವು ಕೆಲಸದ ಪಾಲೇ. ಸ್ಖೊಲೆ ಹಾಗಲ್ಲ; ಅದು ಯಾವುದರ ಸಲುವಾಗಿಯೂ ಇಲ್ಲ. ತನ್ನ ರಾಜ್ಯಶಾಸ್ತ್ರ ಗ್ರಂಥದ ಕೊನೆಯ ಭಾಗದಲ್ಲಿ ಸಂಗೀತ ಶಿಕ್ಷಣ ಏಕೆ ಬೇಕೆಂದು ಚರ್ಚಿಸುವಾಗ, ಅದು ಬಿಡುವನ್ನು ತಕ್ಕ ರೀತಿಯಲ್ಲಿ ಕಳೆಯಲು ಬೇಕು ಎಂದ. ವಾರಾಂತ್ಯದ ಮಧ್ಯಾಹ್ನದ ನಿದ್ದೆ, ಸಿನಿಮಾ, ಮೊಬೈಲ್ ಈ ಲೆಕ್ಕದಲ್ಲಿ ಔಷಧಗಳು. ಅವುಗಳಲ್ಲಿ ತಪ್ಪೇನೂ ಇಲ್ಲ, ರೋಗಿಗೆ ಔಷಧ ಬೇಕೇ ಬೇಕು. ಆದರೆ ದಿನವೆಲ್ಲ ಔಷಧದಲ್ಲೇ ಕಳೆದರೆ ಸೋಮವಾರಕ್ಕೆ ತಯಾರಾದಂತಾಯಿತೇ ಹೊರತು ಬಿಡುವು ಬಂದು ಹೋದದ್ದು ಗೊತ್ತಾಗುವುದಿಲ್ಲ.

ಜರ್ಮನಿಯ ಚಿಂತಕ ಥಿಯೊಡೋರ್ ಅಡೋರ್ನೊ 1969ರ ಒಂದು ಉಪನ್ಯಾಸದಲ್ಲಿ ಹವ್ಯಾಸವೆಂಬ ಕಲ್ಪನೆಯ ಮೇಲೆಯೇ ಹರಿಹಾಯ್ದ. ಆತ ಸ್ವತಃ ಸಂಗೀತ ರಚಿಸುತ್ತಿದ್ದ, ಆಲ್ಬನ್ ಬರ್ಗ್ ಬಳಿ ಪಾಠ ಹೇಳಿಸಿಕೊಂಡವ. ಸಂಗೀತವನ್ನು ಹೊತ್ತು ಕಳೆಯುವ ಬಾಬತ್ತೆಂದು ಕರೆದರೆ ಅದಕ್ಕೆ ಅಪಮಾನ ಎಂಬುದು ಆತನ ನಿಲುವು. ಕನ್ನಡದ ಅನುಭವ ಈ ಮುನಿಸನ್ನು ಪೂರ್ತಿ ಒಪ್ಪುವುದಿಲ್ಲ. ಮರಾಠಿಯಲ್ಲಿ ಅತಿಯಾಸೆಯ ಛಾಯೆ ಪಡೆದಿರುವ ‘ಹವ್ಯಾಸ’ ಕನ್ನಡದಲ್ಲಿ ಗೌರವದ ಪದವಾಗಿ ಬೆಳೆದದ್ದಕ್ಕೆ ರಂಗಭೂಮಿಯೂ ಒಂದು ಕಾರಣ. ವೃತ್ತಿ ರಂಗಭೂಮಿಯ ಎದುರು ‘ಹವ್ಯಾಸಿ ರಂಗಭೂಮಿ’ ಎಂಬ ಹೆಸರು ಕೀಳರಿಮೆಯದಲ್ಲ. ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯಲ್ಲಿದ್ದ ಟಿ.ಪಿ. ಕೈಲಾಸಂ ಅದಕ್ಕೆ ನಾಟಕಗಳನ್ನು ಕೊಟ್ಟರು. 1949ರಲ್ಲಿ ಹೆಗ್ಗೋಡಿನ ಅಡಿಕೆ ತೋಟಗಳ ನಡುವೆ ಹುಟ್ಟಿದ ನೀನಾಸಂ ಕೂಡ ಊರವರ ಹವ್ಯಾಸವಾಗಿಯೇ ಆರಂಭವಾಯಿತು. ಆಡಳಿತ ಸೇವೆಯಲ್ಲಿದ್ದ ಮಾಸ್ತಿ, ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞರಾಗಿದ್ದ ಯಶವಂತ ಚಿತ್ತಾಲ ಇವರ ಬರಹವನ್ನು ಹವ್ಯಾಸವೆಂದು ಕರೆದರೂ ಅದರ ತೂಕ ಇಳಿಯುವುದಿಲ್ಲ. ಅಡೋರ್ನೊನ ಕೋಪ ನ್ಯಾಯವಾಗುವುದು ಹವ್ಯಾಸ ಅಂಗಡಿಯ ಸರಕಾದಾಗ: ನೂರು ಬಣ್ಣದ ಪೆನ್ಸಿಲ್ ಡಬ್ಬಿ ಕೊಂಡದ್ದೇ ಚಿತ್ರ ಬರೆದಷ್ಟು ತೃಪ್ತಿ ಕೊಟ್ಟಾಗ.

ವಚನಕಾರ ಶರಣರಿಗೆ ಈ ಒಡಕೇ ಇರಲಿಲ್ಲ. ಜೇಡರ ದಾಸಿಮಯ್ಯ ನೇಯುತ್ತಿದ್ದ, ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಿದ್ದ, ಮೇದಾರ ಕೇತಯ್ಯ ಬುಟ್ಟಿ ಹೆಣೆಯುತ್ತಿದ್ದ, ಮೋಳಿಗೆಯ ಮಾರಯ್ಯ ಕಟ್ಟಿಗೆ ಮಾರುತ್ತಿದ್ದ. ವಚನ ಅವರ ರಜಾದಿನದ ಬೆಳೆಯಲ್ಲ. ಮಗ್ಗ, ದೋಣಿ, ಬಿದಿರುಗಳ ನುಡಿಗಟ್ಟು ವಚನದೊಳಗೇ ಇದೆ. ಕಾಯಕವನ್ನು ಇಷ್ಟು ಎತ್ತರಕ್ಕೇರಿಸಿದ ಪರಂಪರೆ ದುಡಿಮೆಯ ಚಟಕ್ಕೆ ದಾರಿ ಮಾಡಿಕೊಡಬಹುದಿತ್ತು. ಅದನ್ನು ತಡೆದದ್ದು ಆಯ್ದಕ್ಕಿ ಲಕ್ಕಮ್ಮ. ಅವಳ ಗಂಡ ಆಯ್ದಕ್ಕಿ ಮಾರಯ್ಯನ ಕಾಯಕ ಬಿದ್ದ ಅಕ್ಕಿ ಆಯುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸಲಿಲ್ಲ. ದಿನದ ಪಾಲು ಉಳಿಸಿಕೊಂಡು ಹೆಚ್ಚಿನದನ್ನು ಇದ್ದಲ್ಲೇ ಸುರಿದು ಬರಲು ಹೇಳಿದಳು. ಈ ಪ್ರಸಂಗವನ್ನು ದುರಾಸೆಯ ಖಂಡನೆಯಾಗಿ ಓದುವುದು ವಾಡಿಕೆ. ಕಾಲದ ದೃಷ್ಟಿಯಿಂದ ಓದಿದರೆ ಅದಕ್ಕೆ ಇನ್ನೊಂದು ಮುಖವಿದೆ: ‘ಇಷ್ಟು ಸಾಕು’ ಎಂಬ ಅಳತೆ ಗೊತ್ತಿರುವ ಮನೆಯಲ್ಲಿ ಮಾತ್ರ ಕಾಯಕಕ್ಕೆ ಒಂದು ಕೊನೆ ಇರುತ್ತದೆ. ಹೆಚ್ಚುವರಿ ಅಕ್ಕಿ ಬೇಡವೆಂದವಳಿಗೆ ಹೊತ್ತು ಉಳಿಯುತ್ತದೆ, ವಚನ ಬರುತ್ತದೆ. ವಾರಾಂತ್ಯವನ್ನು ತಿನ್ನುವ ಎರಡನೆಯ ಆದಾಯ, ಮೂರನೆಯ ಕೋರ್ಸು, ತಪ್ಪಿಸಲಾಗದ ಐದು ಸಮಾರಂಭಗಳು ಈ ಹೆಚ್ಚುವರಿ ಅಕ್ಕಿಯ ಜಾತಿಯವು.

ಕೆಲಸ ಮತ್ತು ಹಾಡು ಬೇರೆಯಾಗದ ಇನ್ನೊಂದು ಜಾಗ ಬೀಸುವ ಕಲ್ಲು. ನಸುಕಿನಲ್ಲಿ ಜೋಳ ಬೀಸುತ್ತ ಹೆಂಗಸರು ಹಾಡಿದ ತ್ರಿಪದಿಗಳನ್ನು ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಎಂಬ ಸಂಕಲನದಲ್ಲಿ ಕೂಡಿಸಿದರು. ಹಾಡಿಗೆ ಬಿಡುವಿನ ದಿನ ಬೇಕಿರಲಿಲ್ಲ. ಕಲ್ಲಿನ ಸುತ್ತೇ ಅದರ ತಾಳ. ಹಿಟ್ಟಿನ ಗಿರಣಿ ಬಂದು ತೋಳಿನ ನೋವು ಹೋಯಿತು, ಯಾರೂ ಅದಕ್ಕಾಗಿ ಮರುಗಬೇಕಾಗಿಲ್ಲ. ಜೊತೆಗೆ ಹಾಡಿನ ನೆಲೆಯೂ ಹೋಯಿತು. ಕೆಲಸದಿಂದ ಹಾಡು ಕಳಚಿಕೊಂಡ ಮೇಲೆಯೇ ಅದಕ್ಕೆ ಪ್ರತ್ಯೇಕ ವೇಳೆ, ಕ್ಲಾಸು, ವೇದಿಕೆ ಬೇಕಾದವು. ಹವ್ಯಾಸವೆಂಬುದು ಈ ಅಗಲಿಕೆಯ ಕೂಸು. ಅದನ್ನು ಮತ್ತೆ ದುಡಿಮೆಯೊಳಗೆ ಸೇರಿಸಲು ಬಾರದು. ಸ್ಪ್ರೆಡ್‌ಶೀಟಿನ ಮುಂದೆ ಕೂತು ತ್ರಿಪದಿ ಹಾಡುವ ಕಚೇರಿ ಇನ್ನೂ ಹುಟ್ಟಿಲ್ಲ.

ಅರಿಸ್ಟಾಟಲನ ಬಿಡುವು ಗುಲಾಮರ ದುಡಿಮೆಯ ಮೇಲೆ ನಿಂತಿತ್ತು, ಆತ ಅದನ್ನು ಮರೆಮಾಚಲಿಲ್ಲ. ಇಂದಿನ ಭಾನುವಾರ ಯಾರ ಮೇಲೆ ನಿಂತಿದೆ ಎಂಬ ಪ್ರಶ್ನೆ ಅಷ್ಟೇ ನೇರವಾದದ್ದು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು, ಗಂಡಸರು 97 ನಿಮಿಷ. ರಜೆಯ ದಿನ ಮನೆಮಂದಿಯೆಲ್ಲ ಇರುವುದರಿಂದ ತಿಂಡಿ ತಡವಾಗುತ್ತದೆ, ಊಟ ದೊಡ್ಡದಾಗುತ್ತದೆ, ನೆಂಟರು ಬರುತ್ತಾರೆ. ಧಾರವಾಡ ಸೀಮೆಯ ಕಸೂತಿ ಹುಟ್ಟಿದ್ದು ಇಂಥ ಕೆಲಸಗಳ ನಡುವೆ ಸಿಗುವ ತುಂಡು ಹೊತ್ತುಗಳಲ್ಲಿ. ಅದು ನೇಯ್ಗೆಯ ಎಳೆ ಎಣಿಸಿ ಹಾಕುವ ಹೊಲಿಗೆ, ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿ ಎಂಬ ಹೊಲಿಗೆಗಳಲ್ಲಿ ದಾರ ಹೋದ ದಾರಿಯಲ್ಲೇ ಮರಳಿ ಬಂದು ಬಟ್ಟೆಯ ಎರಡೂ ಬದಿ ಒಂದೇ ರೂಪ ಮೂಡಿಸುತ್ತದೆ. ಒಲೆಯ ಮೇಲಿನ ಹಾಲು ಉಕ್ಕಿದರೆ ಬಟ್ಟೆಯನ್ನು ಕೆಳಗಿಟ್ಟು ಎದ್ದು, ಮತ್ತೆ ಬಂದು ಎಣಿಕೆ ಹಿಡಿಯಬಹುದು. ಎಲ್ಲ ಕಲೆಗೂ ಈ ಸೌಲಭ್ಯವಿಲ್ಲ. ಕಾದಂಬರಿಗೆ, ಎಣ್ಣೆಬಣ್ಣದ ಚಿತ್ರಕ್ಕೆ, ರಾಗದ ಆಲಾಪಕ್ಕೆ ಮುರಿಯದ ಹೊತ್ತು ಬೇಕು, ಮತ್ತು ಮುರಿಯದ ಹೊತ್ತು ಮನೆಯಲ್ಲಿ ಇನ್ನೊಬ್ಬರು ಅಡುಗೆಮನೆಗೆ ಹೋಗದೆ ಯಾರಿಗೂ ದೊರೆಯುವುದಿಲ್ಲ. ಸಬ್ಬತ್ತಿನ ವಿಧಿ ಆಳನ್ನೂ ಎತ್ತನ್ನೂ ಹೆಸರಿಸಿದ್ದರ ಜಾಣತನ ಇಲ್ಲಿ ಗೊತ್ತಾಗುತ್ತದೆ.

ಬಿಡುವೇ ಇಲ್ಲದ ಭಾನುವಾರದಿಂದಲೂ ಕೃತಿ ಹುಟ್ಟಿದ್ದುಂಟು. ಪ್ರಾಗ್‌ನ ಕಾರ್ಮಿಕ ವಿಮಾ ಸಂಸ್ಥೆಯಲ್ಲಿ ನೌಕರನಾಗಿದ್ದ ಫ್ರಾಂಜ್ ಕಾಫ್ಕ, 1912ರ ಸೆಪ್ಟೆಂಬರ್ 22ರ ಭಾನುವಾರ ಮಧ್ಯಾಹ್ನವೆಲ್ಲ ಭಾವನ ಕಡೆಯ ನೆಂಟರ ನಡುವೆ ಚಡಪಡಿಸುತ್ತ ಕಳೆದ. ರಾತ್ರಿ ಹತ್ತಕ್ಕೆ ಕೂತು ಬೆಳಗಿನ ಆರರವರೆಗೆ ಏಳದೆ ‘ತೀರ್ಪು’ ಕತೆಯನ್ನು ಮುಗಿಸಿದ. ಇದನ್ನು ಮಾದರಿಯೆಂದು ತೋರಿಸುವುದು ಅಪಾಯ. ಆ ರೀತಿ ನಿದ್ದೆಗೆಟ್ಟ ಸಾವಿರಾರು ರಾತ್ರಿಗಳಲ್ಲಿ ಒಂದು ಹೀಗಾಗುತ್ತದೆ, ಉಳಿದವುಗಳ ಲೆಕ್ಕ ಸಾಹಿತ್ಯ ಚರಿತ್ರೆಗೆ ಸಿಗುವುದಿಲ್ಲ. ಆದರೂ ಆ ರಾತ್ರಿ ಒಂದನ್ನು ಸಾಬೀತು ಮಾಡುತ್ತದೆ: ಉಕ್ಕಲು ಯಾವಾಗಲೂ ಸುಖವೇ ಬೇಕಾಗಿಲ್ಲ. ಮಧ್ವರ ಉದಾಹರಣೆಗೆ ಇದು ಒಂದು ವಿಚಿತ್ರ ತಿದ್ದುಪಡಿ.

ಕೆಲಸವೂ ಅಲ್ಲದ, ಔಷಧವೂ ಅಲ್ಲದ ಆ ಮೂರನೆಯದಕ್ಕೆ ಕರಾವಳಿಯ ತಾಳಮದ್ದಳೆ ಒಳ್ಳೆಯ ನಿದರ್ಶನ. ಮೇ ತಿಂಗಳ ಕೊನೆಯ ಹೊತ್ತಿಗೆ, ತುಳುನಾಡಿನ ಪತ್ತನಾಜೆಯ ದಿನದೊಡನೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ಮಳೆಗಾಲದ ಉದ್ದಕ್ಕೂ ತಾಳಮದ್ದಳೆಯ ಕೂಟಗಳು ಏಳುತ್ತವೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು, ಮದ್ದಳೆ, ಚೆಂಡೆ, ಎದುರುಬದುರು ಕೂತ ಅರ್ಥಧಾರಿಗಳು. ಅವರಲ್ಲಿ ಅಧ್ಯಾಪಕರಿರುತ್ತಾರೆ, ವಕೀಲರಿರುತ್ತಾರೆ, ಕೃಷಿಕರು, ಬ್ಯಾಂಕಿನವರು ಇರುತ್ತಾರೆ. ಪದ್ಯ ಮೊದಲೇ ಇದೆ, ಮಾತು ಮಾತ್ರ ಆ ಗಳಿಗೆಯದು; ಎದುರಾಳಿ ಏನು ಹೇಳುತ್ತಾನೆಂದು ಗೊತ್ತಿಲ್ಲದೆ ಕರ್ಣನೋ ವಾಲಿಯೋ ಆಗಿ ಉತ್ತರ ಹೊಸೆಯಬೇಕು. ರಿಹರ್ಸಲ್ ಇಲ್ಲ. ಯಾರಾದರೂ ರೆಕಾರ್ಡ್ ಮಾಡದಿದ್ದರೆ ಮರುದಿನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಆ ಅರ್ಥದಲ್ಲಿ ಅದು ಮಿಶ್ನಾದ ಪಟ್ಟಿಯ ಯಾವ ಕೆಲಸವೂ ಅಲ್ಲ. ಹೊತ್ತು ಸಿಗುವ ಬಗೆಯೂ ಗಮನಿಸತಕ್ಕದ್ದು. ಅರ್ಥಧಾರಿ ತನ್ನ ದಿನಚರಿಯಲ್ಲಿ ಎರಡು ತಾಸು ಹುಡುಕಿ ತೆಗೆಯುವುದಿಲ್ಲ. ಪ್ರಸಂಗ, ಪಾತ್ರ, ತಾರೀಖು ಗೊತ್ತಾಗಿರುತ್ತದೆ, ಕೃಷ್ಣನಿಲ್ಲದೆ ಸಂಧಾನ ನಡೆಯುವುದಿಲ್ಲ, ಆದ್ದರಿಂದ ಹೋಗಲೇಬೇಕು. ಒಬ್ಬಂಟಿ ಹವ್ಯಾಸಿಯ ವಾರಾಂತ್ಯವನ್ನು ಯಾರು ಬೇಕಾದರೂ ಕಿತ್ತುಕೊಳ್ಳಬಹುದು. ಎದುರು ಪಾತ್ರದವನು ಕಾದು ಕೂತಿರುವ ಸಂಜೆಯನ್ನು ಕಿತ್ತುಕೊಳ್ಳುವುದು ಅಷ್ಟು ಸುಲಭವಲ್ಲ. ಸೂರಿನ ಮೇಲೆ ಮಳೆ ಹುಯ್ಯುತ್ತಿರುತ್ತದೆ, ಮಾತಿಗೆ ಮಾತು ಬೆಳೆಯುತ್ತದೆ, ಭಾಗವತರು ಜಾಗಟೆ ತಟ್ಟಿ ಮುಂದಿನ ಪದ್ಯ ಎತ್ತಿಕೊಂಡಾಗ ಕೃಷ್ಣ ಮಾತು ನಿಲ್ಲಿಸುತ್ತಾನೆ.